ಒಂದು ದಡಿ ಕಮ್ಮಿ

ಊರ ಮಂದಿಯೆಲ್ಲ ಬಿಸಿಲಿಗೆ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಹಾಕಿದರೆ ಸಲೋಮಿಬಾಯಿ ಉಸುಕು ಒಣಹಾಕುತ್ತಿದ್ದರು. ಡಿಸೆಂಬರ್ ಎರಡನೆಯ ವಾರ ಬಂತೆಂದರೆ ಬೆಟಗೇರಿಯ ನಮ್ಮ ನೇಕಾರ ಓಣಿಯ ಕೊನೆಯಲ್ಲಿ, ಅವರ ಎರಡು ಕೋಣೆಯ ಮನೆಯ ಮುಂದೆ ಹಳೆಯ ಸೀರೆಯೊಂದು ಹಾಸಿರುತ್ತಿತ್ತು. ಅದರ ಮೇಲೆ ನಾಲ್ಕು ನೀರಿನಲ್ಲಿ ತೊಳೆದ ಹೊಳೆಯ ಉಸುಕು. ಪಕ್ಕದಲ್ಲಿ ಮಣೆ ಹಾಕಿಕೊಂಡು, ಕೈಯಲ್ಲಿ ಬೇವಿನ ಟೊಂಗೆ ಹಿಡಿದು ಸಲೋಮಿಬಾಯಿ ಕಾವಲು ಕೂತಿರುತ್ತಿದ್ದರು.

“ಏನ್ರಿ ಬಾಯಾರ, ಉಸುಕು ತಿನ್ನಾಕ ಗುಬ್ಬಿ ಬರ್ತಾವೇನು?” ಎಂದು ಹಾದುಹೋಗುವವರು ಚೇಷ್ಟೆ ಮಾಡುತ್ತಿದ್ದರು.

“ಗುಬ್ಬಿ ಬರೂದಿಲ್ಲಪಾ, ಬೆಕ್ಕು ಬರ್ತಾವ. ಬೆಕ್ಕಿಗೆ ಉಸುಕು ಕಂಡ್ರ ಏನ್ ನೆನಪಾಗ್ತೈತಿ ಅಂತ ನನ್ನ ಬಾಯಿಲೆ ಹೇಳಸ್ತೀಯೇನು?”

ಅದು ಅವರ ಕ್ರಿಸ್‌ಮಸ್ ಬಿಸ್ಕೀಟಿನ ಉಸುಕು. ಓವನ್ ಎಂಬುದನ್ನು ಅವರು ಅಂಗಡಿಯಲ್ಲಿ ನೋಡಿದ್ದರೇ ಹೊರತು ಮನೆಗೆ ತಂದವರಲ್ಲ. ದೊಡ್ಡದೊಂದು ಕಬ್ಬಿಣದ ಬೋಗುಣಿ, ತಳದಲ್ಲಿ ಮೂರು ಬೆರಳು ದಪ್ಪ ಉಸುಕು, ಉಸುಕಿನ ಮೇಲೆ ಬೋರಲು ಹಾಕಿದ ಬಟ್ಟಲು, ಬಟ್ಟಲಿನ ಮೇಲೆ ಬಿಸ್ಕೀಟು ಜೋಡಿಸಿದ ತಾಟು. ಮೇಲೊಂದು ತಗಡಿನ ಮುಚ್ಚಳ, ಮುಚ್ಚಳದ ತುಂಬ ಕೆಂಡ. ಉಸುಕು ಕಾಯುವುದಕ್ಕೆ ಅರ್ಧ ತಾಸು ಬೇಕು. ಆದರೆ ಒಮ್ಮೆ ಕಾಯ್ದರೆ ಸುಮ್ಮನೆ ಆರುವುದಿಲ್ಲ, ಬಿಸ್ಕೀಟು ಹೊತ್ತುವುದೂ ಇಲ್ಲ. ಆ ಉಸುಕನ್ನು ಅವರ ಗಂಡ ಮದುವೆಯಾದ ಹೊಸದರಲ್ಲಿ ತನ್ನೂರು ಕೊರ್ಲಹಳ್ಳಿಯ ಹೊಳೆಯಿಂದ ಧೋತರದಲ್ಲಿ ಗಂಟು ಕಟ್ಟಿ, ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ತಂದಿದ್ದನಂತೆ. ಆರನೆಯ ವರ್ಷಕ್ಕೆ ಆತ ತೀರಿಕೊಂಡ. ಮಕ್ಕಳಾಗಿರಲಿಲ್ಲ. “ಗಂಡನ ಮನಿಯಿಂದ ನನಗ ಬಂದ ಆಸ್ತಿ ಇದೊಂದ ನೋಡವಾ,” ಎಂದು ಉಸುಕನ್ನು ಮುಷ್ಟಿಯಲ್ಲಿ ಹಿಡಿದು ಮೆಲ್ಲಗೆ ಸುರಿಯುತ್ತ ಹೇಳುತ್ತಿದ್ದರು. ಹೇಳಿ ನಗುತ್ತಿದ್ದರು. ನಾವೂ ನಗುತ್ತಿದ್ದೆವು. ನಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಆಳು ಗಿಡ್ಡ. ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಸಣ್ಣ ತುರುಬು. ದಾರದಲ್ಲಿ ಕಟ್ಟಿಕೊಂಡ ಕನ್ನಡಕ ಯಾವಾಗಲೂ ಎದೆಯ ಮೇಲೆ. ಎಡಗೈಯ ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿ, ಜರಡಿಯಂತಾಗಿತ್ತು. ಅವರ ಕಸಬು ರಫೂ. ಮಗ್ಗದಲ್ಲಿ ಎಳೆ ತಪ್ಪಿದ, ಎಲ್ಲೋ ಕೊಂಡಿ ಸಿಕ್ಕು ಹರಿದ ಸೀರೆಗಳನ್ನು ಓಣಿಯವರು ಸಾಹುಕಾರನಿಗೆ ಕೊಡುವ ಮೊದಲು ಅವರ ಕಡೆ ತರುತ್ತಿದ್ದರು. ಸಲೋಮಿಬಾಯಿ ಬೆಳಕಿಗೆ ಹಿಡಿದು ನೋಡಿ, ಅದೇ ಬಣ್ಣದ ಎಳೆ ಹುಡುಕಿ, ಕೂಡಿಸಿ ಕೊಡುತ್ತಿದ್ದರು. ಎಲ್ಲಿ ತಪ್ಪಿತ್ತೆಂದು ನೇಯ್ದವನಿಗೂ ಆಮೇಲೆ ಗೊತ್ತಾಗುತ್ತಿರಲಿಲ್ಲ. ಯಾರ ಮಗ್ಗದಲ್ಲಿ ಎಷ್ಟು ತಪ್ಪು ಎಂಬುದು ಅವರೊಬ್ಬರಿಗೇ ಗೊತ್ತು. ಆದರೆ ಒಂದು ಮನೆಯ ಮಾತು ಇನ್ನೊಂದು ಮನೆಯಲ್ಲಿ ಆಡಿದವರಲ್ಲ. ನಮ್ಮ ಅಪ್ಪ ಕುಡಿದು ಕೂತ ದಿನ ನೇಯ್ದ ಸೀರೆಗಳು ಎಷ್ಟು ಸಲ ಅವರ ಮಡಿಲಿಗೆ ಹೋಗಿದ್ದವೋ ಏನೋ. ಅವ್ವ ಸಂಕೋಚದಿಂದ ಗಂಟು ಬಿಚ್ಚಿದರೆ, “ಇದಕ್ಯಾಕ ಮಾರಿ ಸಣ್ಣ ಮಾಡ್ತೀರಿ? ಎಳಿ ಅಂದ ಮ್ಯಾಲ ಹರೀತಾವ,” ಎಂದಷ್ಟೇ ಹೇಳಿ ಸೂಜಿ ಪೋಣಿಸುತ್ತಿದ್ದರು.

ನಾನು ಶಕುಂತಲಾ. ಓಣಿಗೆಲ್ಲ ಶಕ್ಕೂ. ಶಿರಹಟ್ಟಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ದಿನವೂ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಮದುವೆ ಕೂಡಿ ಬರಲಿಲ್ಲ, ಆಮೇಲೆ ನಾನೇ ಆ ಮಾತು ಬಿಟ್ಟೆ. ಅಪ್ಪ ಹೋದ ಮೇಲೆ ಮಗ್ಗ ನಿಂತಿತು. ಅವ್ವ ಹೋದ ಮೇಲೆ ಮನೆಯಲ್ಲಿ ಮಾತು ನಿಂತಿತು. ಸಲೋಮಿಬಾಯಿಯ ಗೋಡೆಗೂ ನಮ್ಮ ಗೋಡೆಗೂ ನಡುವೆ ಒಂದು ಬಚ್ಚಲು ಹರಿಯುವಷ್ಟು ಸಂದಿ. ಅವರು ರಾತ್ರಿ ಊಟಕ್ಕೆ ಮೊದಲು ಮಾಡುವ ಪ್ರಾರ್ಥನೆ ನನಗೆ ಕೇಳುತ್ತಿತ್ತು. ನಾನು ಟಿ.ವಿ. ಹಚ್ಚಿದ್ದು ಅವರಿಗೆ ಕೇಳುತ್ತಿತ್ತು. ಇಬ್ಬರು ಒಂಟಿ ಹೆಂಗಸರು ಇಷ್ಟು ಹತ್ತಿರ ಇದ್ದೂ ಇಪ್ಪತ್ತು ವರ್ಷ ಒಬ್ಬರ ಮನೆಯಲ್ಲಿ ಒಬ್ಬರು ಕೂತು ಚಹಾ ಕುಡಿಯಲಿಲ್ಲ ಎಂದರೆ ಈಗ ಯಾರೂ ನಂಬಲಿಕ್ಕಿಲ್ಲ.

ಇನ್ನು ಆ ಬಿಸ್ಕೀಟಿನ ಮಾತು.

ಕ್ರಿಸ್‌ಮಸ್‌ಗೆ ನಾಲ್ಕು ದಿನ ಮೊದಲು ಓಣಿಯ ತುಂಬ ತುಪ್ಪ, ಯಾಲಕ್ಕಿಯ ವಾಸನೆ ಹರಡುತ್ತಿತ್ತು. ಮೈದಾಕ್ಕೆ ತುಪ್ಪ ತಿಕ್ಕಿ, ಬೀಸಿದ ಸಕ್ಕರೆ ಕೂಡಿಸಿ, ಹಾಲು ಚಿಮುಕಿಸಿ ನಾದಿದ ಹಿಟ್ಟನ್ನು ಲಟ್ಟಿಸಿ, ತಗಡಿನ ಅಚ್ಚಿನಿಂದ ಕತ್ತರಿಸುತ್ತಿದ್ದರು. ಅಚ್ಚು ಎರಡೇ: ಒಂದು ನಕ್ಷತ್ರ, ಇನ್ನೊಂದು ಬೇವಿನೆಲೆ. ಕ್ರಿಸ್‌ಮಸ್ ಗಿಡದ ಅಚ್ಚು ಪೇಟೆಯಲ್ಲಿ ಸಿಗುತ್ತದಲ್ಲ ಎಂದು ಯಾರೋ ಕೇಳಿದ್ದಕ್ಕೆ, “ಆ ಗಿಡಾ ನಾ ಕಂಡಿಲ್ಲ, ನೀನೂ ಕಂಡಿಲ್ಲ. ಕಂಡ ಗಿಡಾ ಮಾಡ್ತೀನಿ ಬಿಡು,” ಅಂದಿದ್ದರು. ಬೆಂದು ಆರಿದ ಬಿಸ್ಕೀಟಿನ ಮೇಲೆ ಸಕ್ಕರೆಯ ಬಿಳಿ ಪಾಕ ಸವರಿ, ಅದು ಹಸಿಯಿರುವಾಗಲೇ ಗಜ್ಜರಿಯ ಕೆಂಪು, ಅರಿಷಿಣದ ಹಳದಿ, ಪಾಲಕದ ಹಸಿರು ರಸಗಳಲ್ಲಿ ರಫೂ ಸೂಜಿ ಅದ್ದಿ ಗೆರೆ ಎಳೆಯುತ್ತಿದ್ದರು. ಆ ಗೆರೆಗಳೇ ಅವರ ಕೈಚಳಕ. ಯಾಕೆಂದರೆ ಅವರು ಬಿಡಿಸುತ್ತಿದ್ದುದು ಹೂವಲ್ಲ, ಗಂಟೆಯಲ್ಲ. ಸೀರೆಯ ಅಂಚಿನ ದಡಿ.

ನಮ್ಮ ಓಣಿಯಲ್ಲಿ ನೇಕಾರರ ಮನೆ ಹನ್ನೊಂದು. ಒಂದೊಂದು ಮನೆಯ ಮಗ್ಗಕ್ಕೆ ಒಂದೊಂದು ದಡಿ ರೂಢಿ. ನಮ್ಮದು ಗೋಮಿ, ಎದುರುಮನೆ ಶಂಕ್ರಮ್ಮನವರದು ಚಿಕ್ಕಿ, ಮೂಲೆಮನೆಯದು ಗಾಡಿ, ಹೀಗೆ. ಒಂದೇ ಹೆಸರಿನ ದಡಿಯಾದರೂ ಒಬ್ಬರು ಎರಡು ಗೆರೆ ಹೆಚ್ಚು ಕೊಟ್ಟರೆ ಇನ್ನೊಬ್ಬರು ಹಲ್ಲು ಸಣ್ಣದು ಮಾಡುತ್ತಿದ್ದರು. ಎಲ್ಲರ ಸೀರೆಯನ್ನೂ ರಫೂ ಮಾಡಿದ ಕೈಗೆ ಇವೆಲ್ಲ ಬಾಯಿಪಾಠ. ಯಾರ ಮನೆಯ ತಾಟಿಗೆ ಯಾರ ದಡಿಯ ನಕ್ಷತ್ರ ಎಂದು ಒಂದಿಷ್ಟೂ ತಪ್ಪುತ್ತಿರಲಿಲ್ಲ. ಮಗ್ಗಗಳು ಒಂದೊಂದಾಗಿ ನಿಂತವು, ಮಕ್ಕಳು ಅಂಗಡಿ, ಆಟೋ, ಆಫೀಸು ಎಂದು ಹೋದರು. ಆದರೂ ನಿಂತ ಮಗ್ಗದ ದಡಿ ವರ್ಷಕ್ಕೊಮ್ಮೆ ಸಕ್ಕರೆಯಲ್ಲಿ ಬರುತ್ತಲೇ ಇತ್ತು.

ಹಬ್ಬದ ಮುಂಜಾನೆ ಚರ್ಚಿನಿಂದ ಬಂದವರೇ ಸಲೋಮಿಬಾಯಿ ತಾಟಿನ ಮೇಲೆ ಕ್ರೋಶಾದ ಬಟ್ಟೆ ಮುಚ್ಚಿಕೊಂಡು ಮನೆಮನೆಗೆ ಹೊರಡುತ್ತಿದ್ದರು. ಎಲ್ಲ ಮನೆಯಲ್ಲೂ ಒಂದೇ ಮಾತು. “ಬರ್ರಿ ಬಾಯಾರ, ಕುಂಡ್ರಿ.” “ಇಲ್ರಿ, ಇನ್ನೂ ಎಂಟು ಮನಿ ಅದಾವ.” ತಾಟು ಖಾಲಿ ಕೊಡಬಾರದೆಂದು ಅವ್ವ ಬಿಸ್ಕೀಟು ತೆಗೆದುಕೊಂಡು ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕುತ್ತಿದ್ದಳು. ಬಾಗಿಲವರೆಗೆ ಹೋಗಿ ಕಳಿಸಿ ಬರುತ್ತಿದ್ದಳು. ಬಂದು, ಬಿಸ್ಕೀಟುಗಳನ್ನೆಲ್ಲ ಕ್ಯಾರಿಬ್ಯಾಗಿಗೆ ಸುರಿದು, “ಬೀಬಿಜಾನ್ ಮನಿಗೆ ಕೊಟ್ಟು ಬಾ,” ಎಂದು ನನ್ನ ಕೈಗೆ ಕೊಡುತ್ತಿದ್ದಳು.

ಯಾಕೆಂದರೆ ತತ್ತಿ. ಹಬ್ಬದ ಬಿಸ್ಕೀಟು ಎಂದ ಮೇಲೆ ತತ್ತಿ ಹಾಕಿಯೇ ಇರುತ್ತಾರೆ ಎಂದು ಅವ್ವನಿಗೆ ಖಾತ್ರಿ. ನಾವು ತತ್ತಿ ಮುಟ್ಟುವವರಲ್ಲ. ಹಾಕೀರೇನು ಎಂದು ಬಾಯಿಬಿಟ್ಟು ಕೇಳಿದರೆ ಬಾಯಾರ ಮನಸ್ಸು ನೋಯುತ್ತದೆ. ತಿಂದರೆ ನಮ್ಮ ಮನಸ್ಸು ನೋಯುತ್ತದೆ. ಹಾಗಾಗಿ ಹಿಂದಿನ ಓಣಿಯ ಬೀಬಿಜಾನ್ ಖಾಲಾ. ಅವರ ಯಜಮಾನರು ನೂಲಿಗೆ ಬಣ್ಣ ಹಾಕುವವರಾಗಿದ್ದರು, ಖಾಲಾ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದರು. ಮನೆ ತುಂಬ ಮಕ್ಕಳು, ಮೊಮ್ಮಕ್ಕಳು. ಕೊಟ್ಟದ್ದು ಕೆಡುವುದಿಲ್ಲ. ಅವ್ವ ತಾನೊಬ್ಬಳೇ ಹೀಗೆ ಮಾಡುತ್ತಿದ್ದೇನೆ ಎಂದುಕೊಂಡಿದ್ದಳು. ಬಿಸ್ಕೀಟು ಹೊತ್ತುಕೊಂಡು ಹೋಗುತ್ತಿದ್ದ ನನಗೆ ಮಾತ್ರ ಗೊತ್ತಿತ್ತು, ಓಣಿಯ ಹನ್ನೊಂದು ಮನೆಯ ಕ್ಯಾರಿಬ್ಯಾಗುಗಳೂ ಅಲ್ಲಿಗೇ ಬರುತ್ತಿದ್ದವೆಂದು. ದಾರಿಯಲ್ಲಿ ಒಬ್ಬರಿಗೊಬ್ಬರು ಎದುರಾದರೆ ಕೈಚೀಲ ಹಿಂದೆ ಮಾಡಿ, “ಆರಾಮ?” ಎಂದು ಕೇಳಿ ಹೋಗಿಬಿಡುತ್ತಿದ್ದೆವು. ಅವ್ವ ಹೋದ ಮೇಲೂ ನಾನು ಕೊಟ್ಟು ಬರುತ್ತಲೇ ಇದ್ದೆ. ಓದಿದವಳು, ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸುವವಳು. ಒಂದು ಪ್ರಶ್ನೆ ನಾನು ಕೇಳಲಿಲ್ಲ.

ಆರು ವರ್ಷದ ಹಿಂದಿನ ಕ್ರಿಸ್‌ಮಸ್ ಸಂಜೆ. ಬೆಳಿಗ್ಗೆ ಬಿಸ್ಕೀಟು ಕೊಟ್ಟು ಬಂದಾಗ ಬಿಸಿಲಿಗೆಂದು ಹಿಡಿದಿದ್ದ ಕೊಡೆಯನ್ನು ಬೀಬಿಜಾನ್ ಖಾಲಾ ಮನೆಯಲ್ಲೇ ಮರೆತಿದ್ದೆ. ತರಲು ಹೋದೆ. ಪರದೆ ಸರಿಸಿ ಒಳಗೆ ಕಾಲಿಟ್ಟರೆ ಚಾಪೆಯ ಮೇಲೆ ಸಲೋಮಿಬಾಯಿ ಕೂತಿದ್ದಾರೆ. ಮುಂದೆ ಚಹಾದ ಕಪ್ಪು. ಅದರ ಪಕ್ಕದಲ್ಲಿ ದೊಡ್ಡ ತಾಟು, ತಾಟಿನ ತುಂಬ ಅವರವೇ ಬಿಸ್ಕೀಟು. ಗೋಮಿ, ಚಿಕ್ಕಿ, ಗಾಡಿ, ಪರಾಸ್. ಇಡೀ ಓಣಿ ಆ ತಾಟಿನಲ್ಲಿತ್ತು. ಅವರ ಕೈಯಲ್ಲಿದ್ದುದು ನಮ್ಮನೆಯ ನಕ್ಷತ್ರ.

ನಾನು ಮೂಲೆಯಲ್ಲಿದ್ದ ಕೊಡೆಯ ಕಡೆ ತಿರುಗಿದೆ.

ಸಲೋಮಿಬಾಯಿ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ, ಸಾವಕಾಶ ತಿಂದು, ನನ್ನ ಕಡೆ ನೋಡಿದರು. “ಬಾ ಶಕ್ಕೂ, ಕುಂಡ್ರು. ನಿಮ್ಮನಿ ಬಿಸ್ಕೀಟು ಈ ಸಲ ಭಾರಿ ಆಗ್ಯಾವ.”

ಬೀಬಿಜಾನ್ ಖಾಲಾ ಏನೂ ಅರಿಯದೆ ನಕ್ಕರು. “ಓಣಿ ಮಂದಿ ಭಾಳ ಛಲೋ ಅದಾರವಾ. ವರ್ಷಾ ವರ್ಷಾ ತಪ್ಪದ ನಮಗ ಕೊಡ್ತಾರ. ನಮ್ಮ ಹುಡುಗ್ರು ದಿನಾ ಎಣಸ್ಕೋತ ಕುಂತಿರ್ತಾವ. ಚಹಾ ಮಾಡ್ಲಿ?”

ನಾನು ಕೊಡೆ ತೆಗೆದುಕೊಂಡು ಹೊರಬಿದ್ದೆ. ಓಣಿಯ ಮೂಲೆಗೆ ಬರುವಷ್ಟರಲ್ಲಿ ಹಿಂದೆ ಚಪ್ಪಲಿ ಸಪ್ಪಳ. “ನಿಂದ್ರಲೇ, ನನ್ನ ಮೊಣಕಾಲು ನಿನ್ನ ವಯಸ್ಸಿನವಲ್ಲ.”

ನಿಂತೆ. “ಬಾಯಾರ, ತಪ್ಪಾತ್ರಿ,” ಅಂದೆ. ಕಣ್ಣಲ್ಲಿ ನೀರು ಬಂದಿತ್ತು. ನಾಚಿಕೆಗೋ, ಸಿಕ್ಕಿಬಿದ್ದದ್ದಕ್ಕೋ ಈಗಲೂ ಗೊತ್ತಿಲ್ಲ. “ತತ್ತಿ ಹಾಕಿರ್ತೀರಿ ಅಂತ ಅವ್ವ...”

“ತತ್ತಿ!” ಎಂದು ಅವರು ನಿಂತಲ್ಲೇ ನಿಂತರು. “ಈ ಓಣಿಗೆ ಬಂದ ವರ್ಷನ ನಾ ತತ್ತಿ ಬಿಟ್ಟೆನಲ್ಲ. ನಮ್ಮವ್ವ ತತ್ತಿ ಹಾಕಿ ಮಾಡ್ತಿದ್ಲು. ಬಾಯಾಗ ಇಟ್ಟರ ಕರಗ್ತಿದ್ದುವು. ಆ ರುಚಿ ತಿಂದು ಎಷ್ಟು ವರ್ಷ ಆತು. ನೀವು ತಿನ್ನೂದಿಲ್ಲ ಅಂತ ಬಿಟ್ಟೆ.”

“ಮತ್ತ ಹೇಳಬಾರದಿತ್ತೇನ್ರಿ?”

“ಕೇಳಿದ್ರ ಹೇಳ್ತಿದ್ದೆ. ಕೇಳಲಾರದ ಹೆಂಗ ಹೇಳ್ಲಿ? ತತ್ತಿ ಹಾಕಿಲ್ರೀ, ತಗೋರಿ ಅಂತ ಒದರ್ಕೋತ ಅಡ್ಡಾಡಿದ್ರ ಅದು ಹಬ್ಬದ ತಾಟಾಗ್ತೈತೇನು? ಅಂಗಡಿ ಮಾಲಾಗ್ತೈತಿ.”

ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಆಮೇಲೆ ದನಿ ತಗ್ಗಿಸಿ, ಬಹಳ ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದರು. ಮೊದಲನೆಯ ವರ್ಷ ಬೀಬಿಜಾನ್‌ಗೆಂದೇ ಒಂದು ತಾಟು ಒಯ್ದಿದ್ದರಂತೆ. ಹೋಗಿ ನೋಡಿದರೆ ಅಲ್ಲಿ ಆಗಲೇ ರಾಶಿ. “ಖರೆ ಹೇಳ್ಲಿ? ಆವತ್ತು ಭಾಳ ಸಿಟ್ಟು ಬಂತು. ಮನಿಗೆ ಬಂದು ಬೋಗುಣಿ ಅಟ್ಟದ ಮ್ಯಾಲ ಒಗದೆ. ಮುಂದಿನ ವರ್ಷ ಮತ್ತ ಇಳಿಸಿದೆ. ಮಾಡಲಿಲ್ಲಂದ್ರ ನಾ ಯಾವ ನೆವದಾಗ ನಿಮ್ಮ ಬಾಗಲಾ ಬಡೀಬೇಕು? ಸೀರಿ ಹರದ್ರ ನೀವು ನನ್ನ ಮನಿಗೆ ಬರ್ತೀರಿ. ನಾ ನಿಮ್ಮ ಮನಿಗೆ ಬರಾಕ ನನಗೇನೈತಿ?” ಕನ್ನಡಕ ಏರಿಸಿಕೊಂಡು, “ಅದಕ್ಕ ಪ್ರತಿ ವರ್ಷ ಸಂಜಿಕೆ ಬೀಬಿಜಾನ್ ಮನಿಗೆ ಹೋಗ್ತೀನಿ. ತಾಟು ನೋಡ್ತೀನಿ. ಯಾವ ದಡಿ ಬಂದಿಲ್ಲ, ಆ ಮನಿಯಾಗ ತಿಂದಾರ ಅಂತ ತಿಳೀಬೇಕಲ್ಲ,” ಅಂದರು.

“ಯಾವತ್ತರ ಕಮ್ಮಿ ಆಗಿತ್ತೇನ್ರಿ?”

“ಇನ್ನೂ ಇಲ್ಲ,” ಅಂದರು. ಬಹಳ ಸಹಜವಾಗಿ ಅಂದರು, ಬಸ್ಸು ಇನ್ನೂ ಬಂದಿಲ್ಲ ಅನ್ನುವ ಹಾಗೆ.

ಮರುದಿನ ನಾನು ಅವರ ಮನೆಗೆ ಹೋಗಿ ಕೂತೆ. ಕೂತದ್ದು ಅದೇ ಮೊದಲು. ಗೋಡೆಗೆ ಒಂದು ಕ್ಯಾಲೆಂಡರು, ಒಂದು ಶಿಲುಬೆ, ಗಂಡನದೊಂದು ಫೋಟೊ. ಮನೆಯಲ್ಲಿ ಕುರ್ಚಿ ಎರಡು. ಒಂದರ ಮೇಲೆ ಅವರು ಕೂತರು. ಇನ್ನೊಂದನ್ನು ಸೆರಗಿನಿಂದ ಎರಡೆರಡು ಸಲ ಒರೆಸಿ ನನಗೆ ಕೊಟ್ಟರು. ಡಬ್ಬಿಯ ತಳದಲ್ಲಿ ಅವರಿಗೆಂದು ಉಳಿಸಿಕೊಂಡ ಬಿಸ್ಕೀಟು ನಾಲ್ಕಿದ್ದವು. ಅವುಗಳ ಮೇಲೆ ಯಾವ ದಡಿಯೂ ಇರಲಿಲ್ಲ. “ನಿಮ್ಮ ದಡಿ ಯಾವುದ್ರಿ ಬಾಯಾರ?” ಎಂದು ಕೇಳಿದೆ. “ನನಗೆಲ್ಲೈತಿ ಮಗ್ಗ? ನನ್ನವು ಬೋಳ,” ಎಂದು ನಕ್ಕರು. ನಾನು ತಿಂದೆ. ಮೊದಲನೆಯದರ ರುಚಿ ಹೇಗಿತ್ತೆಂದು ಬರೆಯಲು ಹೋದರೆ ಸುಳ್ಳಾದೀತು. ಎರಡನೆಯದರ ರುಚಿ ತಿಳಿಯಿತು. ಅವರು ನಾನು ಅಗಿಯುವುದನ್ನೇ ನೋಡುತ್ತಿದ್ದರು. ಒಂದು ತುಣುಕು ನೆಲಕ್ಕೆ ಬಿದ್ದರೆ ಎತ್ತಿ ಕೈಗೆ ಕೊಟ್ಟರು.

ಓಣಿಗೆಲ್ಲ ಹೇಳಿಬಿಡುತ್ತೇನೆ ಎಂದು ನಾನು ಎದ್ದು ನಿಂತಾಗ ಮಾತ್ರ ಗದರಿಸಿದರು. “ಒಬ್ಬರಿಗೂ ಹೇಳಬ್ಯಾಡ. ಹೇಳಿದ್ರ ಮುಂದಿನ ವರ್ಷ ನಾಚಿಕಿಗೆ ತಿಂತಾರ. ಮಾರಿ ಕೆಳಗ ಹಾಕ್ಕೊಂಡು ತಿಂತಾರ. ಅಂಥಾದ್ದು ನನಗ ಬ್ಯಾಡ. ತಮಗ ತಿನ್ನಬೇಕು ಅನಿಸಿ ತಿನ್ನಲಿ.”

ನಾನು ಹೇಳಲಿಲ್ಲ. ಅವರು ಬೇಡ ಅಂದರು ಎಂಬುದು ನಿಜ. ಹೇಳದೆ ಇರುವುದು ನನಗೂ ಅನುಕೂಲವಾಗಿತ್ತು ಎಂಬುದೂ ಅಷ್ಟೇ ನಿಜ. ಎದುರುಮನೆ ಶಂಕ್ರಮ್ಮನ ಮುಂದೆ ನಿಂತು “ನೀವು ಮಾಡಿದ್ದು ಬಾಯಾರಿಗೆ ಗೊತ್ತೈತಿ” ಅನ್ನುವ ಧೈರ್ಯ ನನಗೆಲ್ಲಿತ್ತು?

ಆಮೇಲಿನ ವರ್ಷಗಳಲ್ಲಿ ಡಿಸೆಂಬರ್ ರಜೆಗಳನ್ನೆಲ್ಲ ನಾನು ಆ ಎರಡು ಕೋಣೆಯಲ್ಲೇ ಕಳೆದೆ. ಸಕ್ಕರೆ ಬೀಸಿ ಸೋಸುವುದು, ಕೆಂಡ ಏರಿಸುವುದು, ಇಳಿಸುವುದು ನನ್ನ ಕೆಲಸ. ಬಿಸಿ ಉಸುಕಿಗೆ ಒಂದು ಹನಿ ನೀರು ಚಿಮುಕಿಸಿ, ಸುಂಯ್ ಅಂದ ಸದ್ದು ಕೇಳಿಯೇ, “ಹಾಂ, ಈಗ ಇಡು,” ಅನ್ನುತ್ತಿದ್ದರು. ಗಡಿಯಾರ ನೋಡಿದವರಲ್ಲ. ನಾನು ಮೊಬೈಲಿನಲ್ಲಿ ಅಲಾರಾಂ ಹಚ್ಚಿದರೆ, “ಅದಕ್ಕೇನು ಮೂಗೈತೇನು?” ಎಂದು ಕೇಳುತ್ತಿದ್ದರು. ಮೊದಲನೆಯ ವರ್ಷ ನಮ್ಮ ಗೋಮಿ ದಡಿಯ ತಾಟನ್ನು ನನಗೆ ಮನೆಗೇ ತಂದುಕೊಟ್ಟರು, ಪಕ್ಕದಲ್ಲೇ ಕೂತು ಮಾಡಿಸಿದವಳಿಗೆ! ನಾನೂ “ಬರ್ರಿ, ಕುಂಡ್ರಿ” ಅಂದೆ. ಬಂದು ಕೂತರು. ಆ ಸಂಜೆ ಬೀಬಿಜಾನ್ ಮನೆಯಿಂದ ಬಂದವರು ನನ್ನ ಬಾಗಿಲಲ್ಲಿ ನಿಂತು ಬೆರಳೆತ್ತಿ ತೋರಿಸಿದರು. “ಒಂದು ದಡಿ ಕಮ್ಮಿ!”

ಅಷ್ಟು ಖುಷಿಯಾಗಿ ಅವರನ್ನು ನಾನು ಮತ್ತೆ ನೋಡಲಿಲ್ಲ. ಮುಂದಿನ ವರ್ಷವೂ ಒಂದೇ ಕಮ್ಮಿ. ಅದರ ಮುಂದಿನ ವರ್ಷವೂ. ಪ್ರತಿ ಸಲ ಬಂದು ಬೆರಳೆತ್ತುತ್ತಿದ್ದರು. ಪ್ರತಿ ಸಲ ಒಂದೇ ಬೆರಳು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಕೈ ನಡುಗತೊಡಗಿತು. ಸೂಜಿಯ ಕಣ್ಣಿಗೆ ದಾರ ಹೋಗಲಿಲ್ಲ. ರಫೂ ನಿಂತಿತು. ತರುವವರೂ ಆಗ ಇಬ್ಬರೋ ಮೂವರೋ ಇದ್ದರಷ್ಟೆ. ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ಕರೆಸಿದರು. ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಮಡಿಲಲ್ಲಿ ಸ್ಟೀಲಿನ ತಾಟು, ತಾಟಿನಲ್ಲಿ ತೆಳ್ಳಗೆ ಹರಡಿದ ಗೋಧಿ ಹಿಟ್ಟು.

“ನಿಮ್ಮ ದಡಿ ತೆಗಿ ನೋಡೋಣು.”

ಕಡ್ಡಿಯಿಂದ ಹಿಟ್ಟಿನಲ್ಲಿ ಗೆರೆ ಎಳೆದೆ. ತಪ್ಪಿತು. “ನೇಕಾರರ ಮಗಳು ಅಂತ ಹೇಳಬ್ಯಾಡ ಎಲ್ಲ್ಯಾರ. ಹಲ್ಲು ಇಷ್ಟುದ್ದ ಇದ್ರ ಅದು ಗೋಮಿ ಆಗ್ತೈತೇನು, ಗರಗಸ ಆಗ್ತೈತಿ.” ತಾಟು ಅಲ್ಲಾಡಿಸಿ ಅಳಿಸಿದರು. ಮತ್ತೆ ತೆಗೆದೆ. ಮತ್ತೆ ಅಳಿಸಿದರು. ಸಂಜೆಯವರೆಗೆ ಹನ್ನೊಂದು ಮನೆಯ ಹನ್ನೊಂದು ದಡಿಯನ್ನೂ ತೆಗೆಸಿದರು. ಶಂಕ್ರಮ್ಮನವರ ಚಿಕ್ಕಿಯಲ್ಲಿ ನಡುವೆ ಒಂದು ಚುಕ್ಕೆ ಬಿಡಬೇಕು, ಅದು ಅವರ ಮಾವ ಮಾಡಿದ್ದ ತಪ್ಪು, ಆಮೇಲೆ ಅದೇ ಅವರ ಗುರುತಾಯಿತು ಎಂದು ವಿವರಿಸಿದರು. ಕತ್ತಲಾದಾಗ ದೀಪ ಹಚ್ಚಿ ಹೊರಟೆ.

“ಉಸುಕು ಹೊಸಾದು ತರಬ್ಯಾಡ,” ಎಂದರು ಹಿಂದಿನಿಂದ. “ಹೊಸಾ ಉಸುಕಿಗೆ ಬಿಸಿ ಹಿಡಿಯೂದು ಗೊತ್ತಿರೂದಿಲ್ಲ.”

ಎಂಟು ದಿನಕ್ಕೆ ಹೋದರು. ನಿದ್ದೆಯಲ್ಲೇ. ಮುಂಜಾನೆ ಗೋಡೆಯಾಚೆ ಪಾತ್ರೆಯ ಸಪ್ಪಳ ಕೇಳಲಿಲ್ಲವೆಂದು ನಾನೇ ಹೋಗಿ ನೋಡಿದ್ದು. ಮಣ್ಣಿಗೆ ಚರ್ಚಿನ ಹತ್ತಿಪ್ಪತ್ತು ಜನ ಬಂದಿದ್ದರು. ನಮ್ಮ ಓಣಿ ಇಡೀ ಬಂದಿತ್ತು. ಹನ್ನೊಂದು ಮನೆಯೂ. ಶಂಕ್ರಮ್ಮ ಬಾಯಿಗೆ ಸೆರಗು ಹಿಡಿದು ಅಳುತ್ತಿದ್ದಳು. ಅದು ತೋರಿಕೆಯ ಅಳುವಲ್ಲ. ನಮ್ಮ ಓಣಿಯವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬರೆಯುವುದು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಡಿಸೆಂಬರ್ ಬಂತು. ಬೋಗುಣಿ, ಅಚ್ಚು, ಉಸುಕು ನನ್ನ ಮನೆಯಲ್ಲಿದ್ದವು. ರಜೆ ಹಾಕಿ ಉಸುಕು ತೊಳೆದು ಹಾಸಿದೆ. ಬೇವಿನ ಟೊಂಗೆ ಹಿಡಿದು ಕಾವಲು ಕೂತೆ. ಯಾರೂ ಚೇಷ್ಟೆ ಮಾಡಲಿಲ್ಲ. ಹಾದುಹೋಗುವವರು ನೋಡಿ, ತಲೆ ತಗ್ಗಿಸಿ ಹೋಗುತ್ತಿದ್ದರು. ಮೂರು ದಿನ ಬೇಯಿಸಿದೆ. ಮೊದಲ ತಾಟು ಹೊತ್ತಿತು. ಆಮೇಲೆ ನೀರು ಚಿಮುಕಿಸಿ ಕಿವಿಗೊಟ್ಟೆ, ಸರಿಹೋಯಿತು. ಅವರು ಬರೆದಿಟ್ಟಿದ್ದ ಪಟ್ಟಿಯಂತೆಯೇ ಮನೆಗೆ ಇಷ್ಟೆಂದು ಲೆಕ್ಕ ಹಿಡಿದು, ಹನ್ನೊಂದು ದಡಿ ತೆಗೆದೆ. ಗೆರೆ ಎಳೆಯುವಾಗ ಬಹಳ ಸಲ ಗೋಡೆಯ ಕಡೆ ಕಿವಿ ಹೋಗುತ್ತಿತ್ತು. ಆಚೆ ಮನೆಗೆ ಬೀಗ.

ಕ್ರಿಸ್‌ಮಸ್ ಮುಂಜಾನೆ ಅವರ ಕ್ರೋಶಾದ ಬಟ್ಟೆ ಮುಚ್ಚಿಕೊಂಡು ಹೊರಟೆ. ಮೊದಲು ಶಂಕ್ರಮ್ಮನ ಮನೆ.

“ಸಲೋಮಿಬಾಯಾರ ನೆನಪಿಗೆ ಮಾಡೀನ್ರಿ,” ಅಂದೆ. ತತ್ತಿಯ ಮಾತು ಕೇಳಲಿ, ಹೇಳಿಬಿಡುತ್ತೇನೆ ಎಂದು ಕಾಯ್ದೆ.

ಶಂಕ್ರಮ್ಮ ಕೇಳಲಿಲ್ಲ. “ನೀ ಮಾಡೀದಿ ಅಂದ ಮ್ಯಾಲ ಆತು,” ಎಂದು ತಾಟಿನಿಂದ ಒಂದು ನಕ್ಷತ್ರ ಎತ್ತಿ, ತನ್ನ ಮನೆಯ ಚಿಕ್ಕಿ ದಡಿಯನ್ನು ಸ್ವಲ್ಪ ಹೊತ್ತು ನೋಡಿ, ಹೊಸ್ತಿಲಲ್ಲೇ ನಿಂತು ಕಡಿದಳು. ಅಗಿದಳು. ಅವಳ ಮುಖ ಬದಲಾಯಿತು. “ಅವರವೂ ಹಿಂಗ ಇರ್ತಿದ್ದುವೇನ ಶಕ್ಕೂ?” ಎಂದು ಕೇಳಿದಳು. ಕೇಳಿದ ಮೇಲೆ ತಾನು ಏನು ಕೇಳಿದೆನೆಂದು ಹೊಳೆದು, ಕೈಯಲ್ಲಿದ್ದ ಅರ್ಧ ಬಿಸ್ಕೀಟನ್ನು ನೋಡುತ್ತ ನಿಂತುಬಿಟ್ಟಳು.

“ಇದಕ್ಕಿಂತ ಛಲೋ ಇರ್ತಿದ್ದುವು,” ಅಂದೆ. ಆಮೇಲೆ ಮುಂದಿನ ಮನೆಗೆ ಹೋದೆ.

ಎಲ್ಲ ಮನೆಯಲ್ಲೂ ಹಾಗೆಯೇ. ಅದೇ ಉಸುಕು, ಅದೇ ಅಚ್ಚು, ಅದೇ ತುಪ್ಪ, ಅದೇ ದಡಿ. 'ನೀ ಮಾಡೀದಿ' ಎಂಬ ಒಂದು ಮಾತು ಹೊಸದು. ಒಬ್ಬರೂ ತತ್ತಿ ಕೇಳಲಿಲ್ಲ. ನನ್ನ ಕೈಯಿಂದ ಎಂದಾಗ ಅಷ್ಟು ಸಲೀಸಾಗಿ ಬಾಯಿಗೆ ಹೋದದ್ದು ಅವರ ಕೈಯಿಂದ ಯಾಕೆ ಹೋಗಲಿಲ್ಲ? ಮನೆಗೆ ಬಂದು ಖಾಲಿ ತಾಟು ಮುಂದಿಟ್ಟುಕೊಂಡು ಬಹಳ ಹೊತ್ತು ಅತ್ತೆ. ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಕೇಳೋಣವೆಂದರೆ ಹೇಳುವವರು ಗೋಡೆಯಾಚೆ ಇರಲಿಲ್ಲ.

ಸಂಜೆ ಮಾಡಬೇಕಾದ ಕೆಲಸ ಒಂದು ಉಳಿದಿತ್ತು. ಬೀಬಿಜಾನ್ ಖಾಲಾ ಮನೆಗೆ ಹೋದೆ. ಅದೇ ಚಾಪೆ ಹಾಸಿದ್ದರು. ಚಹಾ ಕುದಿಯುತ್ತಿತ್ತು. ನಡುವೆ ಅದೇ ದೊಡ್ಡ ತಾಟು, ತೊಳೆದು ಒರೆಸಿ ಇಟ್ಟದ್ದು. ತಾಟಿನಲ್ಲಿ ಏನೂ ಇರಲಿಲ್ಲ.

“ಈ ಸಲ ಒಬ್ಬರೂ ಬರಲಿಲ್ಲವಾ,” ಅಂದರು ಖಾಲಾ. “ಹುಡುಗ್ರು ಮುಂಜಾನಿಂದ ಬಾಗಲಾ ನೋಡಿ ನೋಡಿ ಈಗ ಆಡಾಕ ಹೋದ್ವು. ಓಣಿ ಮಂದಿ ನಮ್ಮ ಮ್ಯಾಲ ಸಿಟ್ಟಾಗ್ಯಾರೇನು?”

ಆಗ ನನಗೆ ಹೊಳೆಯಿತು. ಬೀಬಿಜಾನ್ ಮನೆಗೆಂದು ನಾನು ಒಂದೂ ಬಿಸ್ಕೀಟು ಇಟ್ಟಿರಲಿಲ್ಲ. ಸಲೋಮಿಬಾಯಿಯ ಪಟ್ಟಿಯಲ್ಲಿ ಆ ಮನೆ ಇರಲೇ ಇಲ್ಲ. ಅಲ್ಲಿಗೆ ತಾನಾಗಿಯೇ ಹೋಗಿ ಸೇರುತ್ತದೆ ಎಂದು ಮೂವತ್ತು ವರ್ಷದ ರೂಢಿ. ಗಣಿತದ ಟೀಚರು ನಾನು, ಹನ್ನೊಂದು ಮನೆ ಎಣಿಸಿದೆ, ಹನ್ನೆರಡನೆಯದನ್ನು ಮರೆತೆ.

“ಸಿಟ್ಟಲ್ಲ ಖಾಲಾ,” ಅಂದೆ. “ಎಲ್ಲಾರೂ ತಿಂದಾರ.”

“ಎಲ್ಲಾರೂ?”

“ಹನ್ನೊಂದೂ ದಡಿ.”

ಖಾಲಾ ಚಹಾ ಸೋಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಸಲೋಮಿಬಾಯಿ ಅವರಿಗೆ ಏನೂ ಹೇಳಿರಲಿಲ್ಲ. ಆದರೆ ಆ ತಾಟನ್ನು ಅವರು ಪ್ರತಿ ವರ್ಷ ಹೇಗೆ ನೋಡುತ್ತಿದ್ದರೆಂದು ಖಾಲಾ ಎದುರಿಗೇ ಕೂತು ನೋಡಿದವರು. “ಇದನ್ನ ನೋಡಾಕ ಆಕಿ ಇರಬೇಕಿತ್ತು,” ಅಂದರು. ಕಪ್ಪನ್ನು ನನ್ನ ಕಡೆ ಸರಿಸಿ, ಎದುರಿಗೆ ಕೂತರು. ಖಾಲಿ ತಾಟನ್ನು ಇಬ್ಬರೂ ಎತ್ತಿಡಲಿಲ್ಲ. ಆ ಸಂಜೆ ಚಹಾದಲ್ಲಿ ಅದ್ದಲು ನಮ್ಮಿಬ್ಬರ ಹತ್ತಿರ ಏನೂ ಇರಲಿಲ್ಲ.